ಕಿಟಕಿಯಲ್ಲಿ ಕುಳಿತ ಡೆನ್ಮಾರ್ಕಿನ ನಾಯಿಗಳು

ಗಲ್ಫಿನಲ್ಲಿ ಸಂಸಾರ ಹೂಡಿದವರಿಗೆ ಒಂದು ವಿಶೇಷವಾದ ಕಷ್ಟವಿದೆ. ಊರಿನವರಿಗೆ ಹೇಳಿದರೆ ನಗುತ್ತಾರೆ. ಕೆಲಸ ಮುಗಿಸಿ ಶಾಶ್ವತವಾಗಿ ತಮ್ಮ ದೇಶಕ್ಕೆ ಹೊರಟವರೆಲ್ಲ, ಪೆಟ್ಟಿಗೆಯಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲೇ ಉಳಿಯುವವರ ತಲೆಗೆ ಕಟ್ಟಿ ಹೋಗುತ್ತಾರೆ. ಎಸೆಯಲು ಅವರಿಗೆ ಮನಸ್ಸು ಬಾರದು, ಕೊಳ್ಳಲು ಯಾರೂ ಬಾರರು, ಆಗ ಅವರಿಗೆ ಸ್ನೇಹ ನೆನಪಾಗುತ್ತದೆ. ನಮ್ಮ ನೆನಪಿಗೆ ಇಟ್ಟುಕೊಳ್ಳಿ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಹೀಗೆ ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಪುಟ್ಟ ಮನೆಗೆ ಬಂದು ಸೇರಿದವುಗಳಲ್ಲಿ ಒಂದು ಕಾಲು ಗಿಡ್ಡವಾದ ಇಸ್ತ್ರಿ ಮೇಜು, ಹಿಡಿಯಿಲ್ಲದ ಕುಕ್ಕರು, ನಮಗೆ ಪರಿಚಯವೇ ಇಲ್ಲದವರ ಮದುವೆಯ ವಿಡಿಯೊ ಕ್ಯಾಸೆಟ್ಟು, ನೀರು ಹಾಕಿದರೂ ಬಾಡುವ ಹಾಕದಿದ್ದರೂ ಬಾಡುವ ಒಂದು ಗಿಡ, ಎಲ್ಲವೂ ಇದ್ದವು. ಅವನ್ನೆಲ್ಲ ನಾನು ತಾಳಿಕೊಂಡೆ. ತಾಳಿಕೊಳ್ಳಲಾಗದೆ ಹೋದದ್ದು ಎರಡು ನಾಯಿಗಳನ್ನು ಮಾತ್ರ. ಬೊಗಳುವ ನಾಯಿಗಳಾಗಿದ್ದರೆ ಯಾರಿಗಾದರೂ ಕೊಟ್ಟುಬಿಡಬಹುದಿತ್ತು. ಇವು ಪಿಂಗಾಣಿಯ ನಾಯಿಗಳು, ಡೆನ್ಮಾರ್ಕಿನ ಒಂದು ಬಂದರು ಪಟ್ಟಣದಿಂದ ಬಂದವು. ಎಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ನನ್ನ ಮನೆಯ ಯಜಮಾನಿಕೆಯನ್ನು ಅವೇ ನಡೆಸಿದವು.

ನಾನು ಆಗ ಮತ್ರಾ ಬಂದರಿನ ಬಳಿ ಒಂದು ಹಡಗು ಏಜೆನ್ಸಿಯಲ್ಲಿದ್ದೆ. ಹಡಗಿನಲ್ಲಿ ಕೆಟ್ಟು ಬಂದ ಸರಕನ್ನು ನೋಡಿ, ಮೂಸಿ, ಅದು ಯಾರ ತಪ್ಪು ಎಂದು ಬರೆಯುವುದು ನನ್ನ ಕೆಲಸ. ಒದ್ದೆಯಾದ ಸಿಮೆಂಟು, ಹುಳ ಬಿದ್ದ ಅಕ್ಕಿ, ನೆಗ್ಗಿದ ಹಾಲಿನ ಡಬ್ಬ, ಇವುಗಳ ನಡುವೆ ನನ್ನ ಯೌವನ ಕಳೆಯಿತು. ಕೆಟ್ಟ ಸರಕು ಮತ್ರಾಕ್ಕೇ ಬರಬೇಕೆಂದು ನಿಯಮವಿಲ್ಲವಲ್ಲ. ಹಾಗಾಗಿ ತಿಂಗಳ ಅರ್ಧಭಾಗ ಸೊಹಾರ್, ಸೂರ್, ಸಲಾಲಾ ಎಂದು ಒಮಾನಿನ ಉದ್ದಗಲಕ್ಕೂ ಅಲೆದಾಟ. ಹೆಂಡತಿ ವನಜ ಮತ್ತು ಮಗಳು ದಿವ್ಯ ಮನೆಯಲ್ಲಿ, ನಾನು ಮರಳುಗಾಡಿನ ರಸ್ತೆಯಲ್ಲಿ. ನನಗಿದ್ದ ಆಸೆ ಒಂದೇ. ಮತ್ರಾದ ಆಫೀಸಿನಲ್ಲಿ ಒಂದು ಮೇಜು, ಒಂದು ಕುರ್ಚಿ, ಪ್ರತಿದಿನ ಸಂಜೆ ಹೆಂಡತಿ ಮಗಳ ಜೊತೆ ಕುಳಿತು ಬಿಸಿ ಕುಚ್ಚಲಕ್ಕಿ ಅನ್ನ. ಇದಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಾಕಿದೆ, ಹಲ್ಲು ಗಿಂಜಿದೆ, ಕಂಡಕಂಡವರ ಕೈಯಲ್ಲಿ ಶಿಫಾರಸು ಮಾಡಿಸಿದೆ. ಮೇಲಿನವರು "ಇನ್‌ಶಾ ಅಲ್ಲಾ" ಎಂದು ಬೆನ್ನು ತಟ್ಟಿ ಮತ್ತೆ ಸಲಾಲಾಕ್ಕೆ ಅಟ್ಟುತ್ತಿದ್ದರು.

ಈ ಅಲೆದಾಟದಲ್ಲಿ ಬಹಳ ಸಲ ನನ್ನ ಪಕ್ಕದ ಸೀಟಿನಲ್ಲಿರುತ್ತಿದ್ದವರು ನಮ್ಮ ಮೇಲಧಿಕಾರಿ ಕ್ಯಾಪ್ಟನ್ ಯೆನ್ಸನ್. ಬಿಸಿಲಿಗೆ ಬೆಂದು ಕೆಂಪಗಾದ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದ ಎತ್ತರದ ಮನುಷ್ಯ. ಹಡಗಿನ ಕೆಲಸ ಬಿಟ್ಟು ದಡದ ಕೆಲಸ ಹಿಡಿದವರು. ಒಳ್ಳೆಯವರೇ, ಆದರೆ ಅವರಿಗೆ ಒಂದು ಊರಿತ್ತು. ಊರು ಎಲ್ಲರಿಗೂ ಇರುತ್ತದೆ. ಇವರಿಗೆ ಅದು ರೋಗದ ಹಾಗೆ ಅಂಟಿಕೊಂಡಿತ್ತು. ಮಾರ್ಸ್ಟಾಲ್ ಎಂದು ಅದರ ಹೆಸರು. ಡೆನ್ಮಾರ್ಕಿನ ದಕ್ಷಿಣದ ಒಂದು ಸಣ್ಣ ದ್ವೀಪದ ತುದಿಯಲ್ಲಿ, ಗಾಳಿಗೆ ಮೈಯೊಡ್ಡಿ ಕುಳಿತ ಬಂದರು. ಅಲ್ಲಿ ಅಲೆ ತಡೆಯಲು ದೇವರು ಏನೂ ಕೊಟ್ಟಿರಲಿಲ್ಲವಂತೆ. ಊರಿನವರೇ ಚಳಿಗಾಲದಲ್ಲಿ, ಹಡಗುಗಳೆಲ್ಲ ಸುಮ್ಮನೆ ನಿಂತಿರುವಾಗ, ಬಂಡೆಗಳನ್ನು ಎಳೆದು ತಂದು ಸಮುದ್ರಕ್ಕೆ ಉದ್ದದ ಗೋಡೆ ಕಟ್ಟಿದರಂತೆ. ಹಿಡಿಯಷ್ಟು ಊರು, ಆದರೆ ಹಾಯಿಹಡಗುಗಳು ಲೆಕ್ಕವಿಲ್ಲದಷ್ಟು. ಉಪ್ಪುಮೀನಿಗಾಗಿ ಅಟ್ಲಾಂಟಿಕ್ ದಾಟಿ ಹೋದವರು ಅವರು. ಇಗರ್ಜಿಯ ಮಾಡಿನಿಂದ ಸಣ್ಣ ಸಣ್ಣ ಹಡಗಿನ ಮಾದರಿಗಳು ತೂಗುತ್ತವೆಯಂತೆ, ಪ್ರಾರ್ಥನೆ ಮಾಡುವವರ ತಲೆಯ ಮೇಲೆ. ಸ್ಮಶಾನದ ಕಲ್ಲುಗಳಲ್ಲಿ ಎಷ್ಟೋ ಹೆಸರುಗಳಿವೆ, ಕೆಳಗೆ ಮಲಗಿದವರು ಯಾರೂ ಇಲ್ಲ, ಅವರನ್ನೆಲ್ಲ ಸಮುದ್ರವೇ ಇಟ್ಟುಕೊಂಡಿದೆ.

ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಸುಳ್ಳು ಹೇಳಬಾರದು. ಆದರೆ ಸಲಾಲಾದ ರಸ್ತೆ ಉದ್ದದ್ದು, ಇಕ್ಕೆಲದಲ್ಲಿ ನೋಡಲು ಮರಳು ಬಿಟ್ಟರೆ ಒಂಟೆ, ಒಂಟೆ ಬಿಟ್ಟರೆ ಮರಳು, ಮತ್ತು ಕ್ಯಾಪ್ಟನ್‌ಗೆ ತಾನು ಹೇಳಿದ್ದು ನೆನಪಿರುತ್ತಿರಲಿಲ್ಲ. ಅರ್ಧದಾರಿಯ ಹೈಮಾ ತಲುಪುವಷ್ಟರಲ್ಲಿ ಮಾರ್ಸ್ಟಾಲಿನ ಬಂಡೆಗಳನ್ನು ನಾನೇ ಹೊತ್ತ ಹಾಗೆ ಬೆನ್ನು ನೋಯುತ್ತಿತ್ತು. ನಾನೂ ಮೂಲ್ಕಿಯ ಕಡೆಯವನು, ನಮ್ಮ ಕರಾವಳಿಯಿಂದಲೂ ಮಂಜಿ ಎಂಬ ಹಾಯಿಹಡಗುಗಳು ಹೆಂಚು ತುಂಬಿಕೊಂಡು ಇದೇ ಮಸ್ಕತ್ತಿಗೆ ಬರುತ್ತಿದ್ದವು, ನನ್ನ ಅಜ್ಜನ ಅಣ್ಣ ಅದರಲ್ಲಿದ್ದ ಎಂದು ನಡುವೆ ತೂರಿಸಲು ನೋಡಿದೆ. ಕ್ಯಾಪ್ಟನ್ ಭಾರಿ ಸಂತೋಷಪಟ್ಟರು. ಸಂತೋಷಪಟ್ಟು, ಹೆಂಚು ಎಂದಾಗ ನೆನಪಾಯಿತು, ನಮ್ಮ ಮಾರ್ಸ್ಟಾಲಿನ ಮಾಡುಗಳೂ ಕೆಂಪು ಹೆಂಚಿನವು ಎಂದು ಮತ್ತೆ ಶುರುಮಾಡಿದರು.

ನಿವೃತ್ತರಾಗಿ ಹೊರಡುವ ಮೊದಲು ಅವರು ನಮ್ಮನ್ನು ಅಲ್ ಅಜೈಬಾದ ತಮ್ಮ ಮನೆಗೆ ಊಟಕ್ಕೆ ಕರೆದರು. ವಿನೆಗರಿನಲ್ಲಿ ನೆನೆಸಿದ ತಣ್ಣನೆಯ ಮೀನನ್ನು ವನಜ ಮುಳ್ಳುಚಮಚದಿಂದ ತಟ್ಟೆಯ ಈ ಕಡೆಯಿಂದ ಆ ಕಡೆಗೆ ವಿಹಾರ ಮಾಡಿಸುತ್ತಿದ್ದಳು. ಆಗ ಕ್ಯಾಪ್ಟನ್ನರ ಹೆಂಡತಿ ಇಂಗರ್ ಅವಳನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ ಎರಡು ಪಿಂಗಾಣಿ ನಾಯಿಗಳನ್ನು ತೋರಿಸಿದರು. ಬಿಳಿ ಮೈ, ಕಂದು ಕಿವಿ, ಕತ್ತಿಗೆ ಚಿನ್ನದ ಬಣ್ಣದ ಸರಪಳಿ, ಮುಖದಲ್ಲಿ ಸಾಲಗಾರನನ್ನು ನೋಡುವ ದೃಷ್ಟಿ. ಇಂಥ ಜೋಡಿ ನಾಯಿಗಳನ್ನು ಹಿಂದಿನ ನಾವಿಕರು ಇಂಗ್ಲೆಂಡಿನ ಬಂದರುಗಳಿಂದ ಹೆಂಡತಿಯರಿಗೆ ತರುತ್ತಿದ್ದರಂತೆ. ಗಂಡ ಸಮುದ್ರಕ್ಕೆ ಹೋದಾಗ ನಾಯಿಗಳ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಡಬೇಕು. ಗಂಡ ಮನೆಗೆ ಬಂದಾಗ ಒಳಮುಖ ಮಾಡಬೇಕು. ಹಾದಿಯಲ್ಲಿ ಹೋಗುವವರಿಗೆ ಬಾಗಿಲು ತಟ್ಟದೆಯೇ ಮನೆಯ ವರ್ತಮಾನ ತಿಳಿಯಬೇಕು, ಅಷ್ಟೆ. ವನಜ ಕೈಯಲ್ಲಿದ್ದ ತಟ್ಟೆಯನ್ನು ಮರೆತು ಕೇಳುತ್ತಿದ್ದಳು. ಇತ್ತ ಕ್ಯಾಪ್ಟನ್ ನನ್ನ ಕಿವಿಯ ಹತ್ತಿರ ಬಗ್ಗಿ, ಊರಿನ ಕೆಲವು ಕೆಟ್ಟ ಬಾಯಿಯವರು ಬೇರೆಯೇ ಹೇಳುತ್ತಿದ್ದರು, ಗಂಡ ಮನೆಯಲ್ಲಿಲ್ಲ ಎಂಬ ಸುದ್ದಿ ಬೇಕಾದ ಗಂಡಸರು ಬೀದಿಯಲ್ಲಿ ಬೇರೆಯೂ ಇರುತ್ತಾರಂತೆ ಎಂದು ಕಣ್ಣು ಮಿಟುಕಿಸಿದರು. ನಾನು ನಕ್ಕೆ. ಮೇಲಧಿಕಾರಿ ಕಣ್ಣು ಮಿಟುಕಿಸಿದಾಗ ನಗಬೇಕು.

ಹೊರಡುವ ದಿನ ಇಂಗರ್ ಆ ನಾಯಿಗಳನ್ನು ಟವೆಲ್ಲಿನಲ್ಲಿ ಸುತ್ತಿ ವನಜಳ ಮಡಿಲಿಗೆ ಹಾಕಿದರು. ಇನ್ನು ಮುಂದೆ ತನ್ನ ಗಂಡ ಯಾವ ಸಮುದ್ರಕ್ಕೂ ಹೋಗುವುದಿಲ್ಲ, ನಾಯಿಗಳಿಗೆ ಅಲ್ಲಿ ಕೆಲಸವಿಲ್ಲ, ನಿನ್ನ ಗಂಡ ಅಲೆಯುವವನು, ನಿನಗಿರಲಿ ಎಂದರಂತೆ. ಅದೇ ಸಂಜೆ ಅವು ನಮ್ಮ ನಡುಮನೆಯ ಬೀದಿಬದಿಯ ಕಿಟಕಿಯಲ್ಲಿ ಒಳಮುಖವಾಗಿ ಕುಳಿತು ನಾನು ಊಟ ಮಾಡುವುದನ್ನೇ ನೋಡತೊಡಗಿದವು.

ಇಲ್ಲಿ ನನ್ನ ಹೆಂಡತಿಯ ವಿಷಯ ಸ್ವಲ್ಪ ಹೇಳಬೇಕು. ನನ್ನ ಅಮ್ಮ ಹೇಳಿದ ಒಂದು ಶಾಸ್ತ್ರವನ್ನೂ ಪೂರ್ತಿ ಮಾಡಿದವಳಲ್ಲ ವನಜ. ಮಂಗಳವಾರ ಉಗುರು ತೆಗೆಯಬಾರದು ಎಂದರೆ ಮಂಗಳವಾರವೇ ಅವಳಿಗೆ ಉಗುರು ನೆನಪಾಗುತ್ತದೆ. ಅಂಥವಳು ಈ ಡೆನ್ಮಾರ್ಕಿನ ಶಾಸ್ತ್ರವನ್ನು ಮಡಿಯಿಂದ ಆಚರಿಸಿದಳು. ನಾನು ಚೀಲ ಹಿಡಿದು ಹೊರಬಿದ್ದು ಗಾಡಿ ಚಾಲೂ ಮಾಡುವಷ್ಟರಲ್ಲಿ ನಾಯಿಗಳು ಹೊರಮುಖ. ಇದೇನು ಕಳ್ಳರಿಗೆ ಕೊಡುವ ಆಮಂತ್ರಣವಾ ಎಂದು ನಾನು ರೇಗಿದೆ. ಒಮಾನಿನಲ್ಲಿ ಯಾವ ಕಳ್ಳರು, ಪರ್ಸು ಮರೆತು ಬಂದರೆ ಅಂಗಡಿಯವನೇ ತಂದುಕೊಡುತ್ತಾನೆ ಎಂದಳು. ಮತ್ತೆ ಇದೆಲ್ಲ ಯಾಕೆ ಎಂದರೆ, ಅಷ್ಟು ಹಡಗು ನಡೆಸಿದ ಊರಿನ ಹೆಂಗಸರು ಬುದ್ಧಿಯಿಲ್ಲದೆ ಮಾಡಿದ್ದಾರಾ ಎಂದು ನನ್ನನ್ನೇ ಕೇಳಿದಳು.

ಅಂಟುರೋಗ ಹರಡಲು ತಡವಾಗಲಿಲ್ಲ. ಮೇಲಿನ ಮನೆಯ ನಾಗರತ್ನ ಮೈಸೂರಿನವರು. ಅವರ ಗಂಡ ಶ್ರೀಕಂಠಯ್ಯನವರು ನೀರು ಶುದ್ಧ ಮಾಡುವ ಯಂತ್ರಗಳ ಇಂಜಿನಿಯರು, ಅವರದೂ ವಾರಗಟ್ಟಲೆ ಹೊರಗಿನ ಕೆಲಸವೇ. ನಾಗರತ್ನ ಒಂದು ದಿನ ನಮ್ಮ ಕಿಟಕಿ ನೋಡಿ, ಕಾರಣ ಕೇಳಿ, ಮೇಲೆ ಹೋಗಿ ದಸರಾಕ್ಕೆಂದು ಇಟ್ಟಿದ್ದ ಪಟ್ಟದ ಗೊಂಬೆಗಳನ್ನು ತೆಗೆದರು. ಮರದ ರಾಜ, ಮರದ ರಾಣಿ. ಶ್ರೀಕಂಠಯ್ಯನವರು ಟೂರಿನಲ್ಲಿದ್ದರೆ ರಾಜದಂಪತಿಗಳು ಬೀದಿಗೆ ದರ್ಶನ ಕೊಡುತ್ತಾರೆ. ಅವರು ಮನೆಯಲ್ಲಿದ್ದರೆ ಬೀದಿಗೆ ಬೆನ್ನು. ಪಕ್ಕದ ಕಟ್ಟಡದ ಶೆಟ್ಟರ ಮನೆಯಲ್ಲಿ ಹಿತ್ತಾಳೆಯ ಆನೆ ಕಿಟಕಿ ಹತ್ತಿತು. ತಿಂಗಳೊಳಗೆ ನಮ್ಮ ಬೀದಿಯಲ್ಲಿ ಯಾರ ಗಂಡ ಎಲ್ಲಿ ಎಂಬುದು ಹಾಲು ತರುವವನಿಗೂ ಗೊತ್ತಿತ್ತು.

ನನಗಾದ ನಷ್ಟವನ್ನು ಯಾರಿಗೆ ಹೇಳಲಿ? ಟೂರು ಎಂಬುದು ನನಗಿದ್ದ ಒಂದೇ ಗುರಾಣಿ. ನಮ್ಮ ಕನ್ನಡ ಬಳಗದ ಕಾರ್ಯದರ್ಶಿಗೆ ಪ್ರತಿ ನವೆಂಬರಿನಲ್ಲಿ ಒಂದು ಐತಿಹಾಸಿಕ ನಾಟಕ ಬೇಕು, ಅದರಲ್ಲಿ ಒಬ್ಬ ದ್ವಾರಪಾಲಕ ಬೇಕು, ಮತ್ತು ನನ್ನ ಮೈಕಟ್ಟು ನೋಡಿದಾಗಲೆಲ್ಲ ಅವರಿಗೆ ಬಾಗಿಲು ನೆನಪಾಗುತ್ತದೆ. ಈವರೆಗೆ ಅವರು ಬಂದಾಗ ನಾನು ಒಳಕೋಣೆಯಲ್ಲಿ ಕುಳಿತು ಸಲಾಲಾದಲ್ಲಿರುತ್ತಿದ್ದೆ. ಆ ವರ್ಷ ಅವರು ಬಾಗಿಲು ತಟ್ಟಿ ಕೇಳಲೇ ಇಲ್ಲ. ಕಿಟಕಿ ನೋಡಿದರು, ಒಳಗೆ ಬಂದರು, ಸೋಫಾದ ಮೇಲೆ ಕುಳಿತರು. ಒಳಕೋಣೆಗೆ ಬಂದ ದಿವ್ಯ, "ಪಪ್ಪಾ, ಡಾಗ್ಸ್ ಆರ್ ಲುಕಿಂಗ್ ಇನ್. ಯು ಕಾಂಟ್ ಬಿ ಇನ್ ಸಲಾಲಾ" ಎಂದು ತೀರ್ಪು ಕೊಟ್ಟಳು. ಇಡೀ ನಾಟಕದಲ್ಲಿ ಭರ್ಜಿ ಹಿಡಿದು ನಿಂತೆ. ಮಾತು ಒಂದೂ ಇರಲಿಲ್ಲ, ಮೀಸೆಯ ಅಂಟು ಮಾತ್ರ ಕೆರೆಯುತ್ತಿತ್ತು.

ಅದಾದ ಮೇಲೆ ಒಂದು ಗುರುವಾರ. ಸೊಹಾರಿಗೆ ಬರಬೇಕಿದ್ದ ಹಡಗು ಬರಲಿಲ್ಲ. ನಾನು ಮರುದಿನದ ತನಕ ಕಾಯದೆ ಅಲ್ಲಿಂದ ಹೊರಟು, ಹೆಂಡತಿಗೆ ಇಷ್ಟವೆಂದು ದಾರಿಯಲ್ಲಿ ಹಲ್ವದ ಡಬ್ಬ ಕೊಂಡು, ಮಧ್ಯಾಹ್ನ ಮನೆಯ ಮುಂದೆ ಇಳಿದೆ. ನಾಯಿಗಳು ಬೀದಿಯ ಕಡೆಗೆ ನೋಡುತ್ತಿದ್ದವು. ಅದು ಸರಿ, ನಾನು ಬಂದದ್ದು ಅವಕ್ಕೇನು ಗೊತ್ತು? ಆದರೆ ಒಳಗಿನಿಂದ ನಗು ಕೇಳಿಸುತ್ತಿತ್ತು. ಕೇಳಿಸಿದ್ದು ವನಜಳ ನಗುವೇ, ಆದರೆ ಅಂಥ ನಗುವನ್ನು ನಾನು ಮದುವೆಯಾದ ಮೇಲೆ ಕೇಳಿದ ನೆನಪಿರಲಿಲ್ಲ. ಕ್ಯಾಪ್ಟನ್ ಮಿಟುಕಿಸಿದ ಕಣ್ಣು ನನ್ನ ಮುಂದೆ ಬಂದು ನಿಂತಿತು. ಗಂಟೆ ಒತ್ತದೆ, ಸದ್ದಾಗದಂತೆ ಕೀಲಿ ತಿರುಗಿಸಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಒಳಗೆ ಇಡೀ ಬೀದಿಯ ಹೆಂಗಸರು. ನನ್ನ ಕುರ್ಚಿಯಲ್ಲಿ ನಾಗರತ್ನ, ಕಾಲು ಸ್ಟೂಲಿನ ಮೇಲೆ. ನೆಲದ ತುಂಬ ಪತ್ರೊಡೆ, ಚುರುಮುರಿ, ಚಹಾದ ಲೋಟಗಳು. ನಡುವೆ ನನ್ನ ಹೆಂಡತಿ, ನೈಟಿಯ ಮೇಲೆ ನನ್ನ ಹಡಗಿನ ಕೋಟು ಹಾಕಿಕೊಂಡು, ತಲೆಗೆ ನನ್ನ ಟೊಪ್ಪಿ ಇಟ್ಟು, ಕೈಯಲ್ಲಿ ಟಾರ್ಚು ಹಿಡಿದು, ತೆರೆದ ಫ್ರಿಜ್ಜಿನೊಳಗೆ ತಲೆ ತೂರಿಸಿ ನನ್ನದೇ ಧ್ವನಿಯಲ್ಲಿ ವಿಚಾರಣೆ ನಡೆಸುತ್ತಿದ್ದಳು. "ಈ ಬದನೆಕಾಯಿ ಯಾವಾಗಿನದ್ದು? ಇದನ್ನು ಇಲ್ಲಿ ಇಟ್ಟದ್ದು ಯಾರು? ಎಂಥ, ಯಾರೂ ಇಟ್ಟದ್ದಲ್ವ? ಹಾಗಾದ್ರೆ ಅದು ನಡ್ಕೊಂಡು ಬಂತಾ?" ಅಕ್ಷರಕ್ಕೆ ಅಕ್ಷರ ನಾನೇ. ಟೂರು ಮುಗಿಸಿ ಬಂದ ಕೂಡಲೇ ನಾನು ಹಾಗೆ ಮಾಡುವುದು ಹೌದು. ಆದರೆ ಅದು ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ನನ್ನನ್ನು ಕಂಡು ನಾಗರತ್ನ ಕಾಲು ಕೆಳಗಿಳಿಸಿ, "ಓ, ಬಂದ್ಬಿಟ್ರಾ" ಎಂದರು. ಆ ಮಾತಿನಲ್ಲಿ ಸ್ವಾಗತವಿರಲಿಲ್ಲ, ಸಂತಾಪವಿತ್ತು. ವನಜ ಟೊಪ್ಪಿ ತೆಗೆದು, ಕಿಟಕಿಗೆ ಹೋಗಿ, ನಾಯಿಗಳನ್ನು ಒಂದೊಂದಾಗಿ ಒಳಕ್ಕೆ ತಿರುಗಿಸಿದಳು. ಶಾಲೆಯ ಗಂಟೆ ಹೊಡೆದ ಹಾಗೆ ಹೆಂಗಸರು ಪಾತ್ರೆ ಎತ್ತಿಕೊಂಡು ಹೊರಟರು. ಆಗ ನನಗೆ ಅರ್ಥವಾಯಿತು. ನಾಯಿ ಹೊರಗೆ ನೋಡಿದರೆ ಆ ಮನೆಯಲ್ಲಿ ಹಬ್ಬ. ರಾಜ ರಾಣಿ ಹೊರಗೆ ನೋಡಿದರೆ ಹಬ್ಬ ಮೇಲಿನ ಮನೆಯಲ್ಲಿ. ಆನೆ ತಿರುಗಿದರೆ ಶೆಟ್ಟರ ಮನೆಯಲ್ಲಿ. ಮಾರ್ಸ್ಟಾಲಿನ ಗಂಡಸರು ಅಟ್ಲಾಂಟಿಕ್ಕಿನಲ್ಲಿ ಒದ್ದೆಯಾಗುತ್ತಿದ್ದಾಗ ಊರು ಹೇಗೆ ನಡೆಯುತ್ತಿತ್ತು ಎಂದು ಕ್ಯಾಪ್ಟನ್ ಅಷ್ಟು ಉದ್ದದ ರಸ್ತೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಪಾಪ, ಅವರಿಗೂ ಗೊತ್ತಿದ್ದಿರಲಾರದು.

ಸರಿಯಾಗಿ ಆ ವರ್ಷವೇ ನನಗೆ ಮೇಜು ಸಿಕ್ಕಿತು. ಹೊಸ ಮೇಲಧಿಕಾರಿ ಬೇರೊಬ್ಬನನ್ನು ಅಲೆದಾಟಕ್ಕೆ ಹಾಕಿ, ನೀನಿನ್ನು ಮತ್ರಾದಲ್ಲೇ ಇರು, ಟೂರು ಖಲಾಸ್ ಎಂದ. ನಾನು ಮಿಠಾಯಿ ಕೊಂಡು ಹಾರಿಕೊಂಡು ಮನೆಗೆ ಬಂದೆ. ವನಜ ಕೇಳಿದಳು, "ಒಳ್ಳೆದಾಯ್ತು" ಎಂದಳು, ಒಂದು ಪೇಡ ಬಾಯಿಗೆ ಹಾಕಿಕೊಂಡಳು, ಆಮೇಲೆ ಕಿಟಕಿಯ ಕಡೆ ನೋಡಿದಳು. ಊರಿಗೆ ಹೊರಟ ನೆಂಟರ ಬಸ್ಸು ತಿರುವು ದಾಟುವಾಗ ನೋಡುವ ಹಾಗೆ.

ದಿನಾ ಸಂಜೆ ಬಿಸಿ ಅನ್ನ ಸಿಕ್ಕಿತು. ಮಗಳಿಗೆ ಲೆಕ್ಕ ಹೇಳಿಕೊಟ್ಟೆ. ಅವಳು "ಮಿಸ್ ಬೇರೆ ಥರ ಮಾಡ್ತಾರೆ" ಎಂದು ಪುಸ್ತಕ ಎತ್ತಿಕೊಂಡು ಹೋದಳು. ನಾಯಿಗಳು ಒಳಗೇ ನೋಡುತ್ತ ಕುಳಿತವು. ನಮ್ಮ ಮನೆಗೆ ಯಾವ ಹೆಂಗಸೂ ಬರಲಿಲ್ಲ. ಮೇಲಿನ ಮನೆಯಲ್ಲಿ ಹಬ್ಬವಾದರೆ ವನಜಳಿಗೆ ಹೋಗಲು ಆಗುತ್ತಿರಲಿಲ್ಲ, ಏಕೆಂದರೆ ಕೆಳಗೆ ಒಬ್ಬ ಗಂಡ ಚಹಾಕ್ಕಾಗಿ ಕುಳಿತಿದ್ದಾನೆ. ನಾನು ಧಾರಾಳಿಯಾಗಿ, ಅವರನ್ನೆಲ್ಲ ಕರೆ, ನಾನು ಒಳಗೆ ಪೇಪರು ಓದುತ್ತಿರುತ್ತೇನೆ, ಇದ್ದೇನೆ ಎಂದೇ ತಿಳಿಯುವುದಿಲ್ಲ ಎಂದೆ. ಬಂದರು. ಸೋಫಾದ ತುದಿಯಲ್ಲಿ ಸಾಲಾಗಿ ಕುಳಿತು, ಹೊಸ ಕೆಲಸ ಹೇಗಿದೆ ಎಂದು ಗೋಡೆಯಾಚೆ ಇದ್ದ ನನ್ನನ್ನು ವಿಚಾರಿಸಿ, ಚಹಾ ಕುಡಿದು, ಸೆರಗು ಸರಿಪಡಿಸಿಕೊಂಡು ಹೋದರು. ಸಾವಿನ ಮನೆಯಲ್ಲೂ ಅದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ನನ್ನ ಸಿಟ್ಟು ಅಂದು ಮೇರೆ ಮೀರಿತು. ಯಾರಿಗಾಗಿ ನಾನು ಇಷ್ಟು ವರ್ಷ ಹಲ್ಲು ಗಿಂಜಿದ್ದು? ಎರಡು ಬೊಂಬೆ ನಾಯಿಗಳಿಗಾಗಿಯೇ? ಅವನ್ನು ಎತ್ತಿ ಕಸದ ಡಬ್ಬಕ್ಕೆ ಹಾಕುತ್ತೇನೆ ಎಂದು ಕಿಟಕಿಗೆ ಹೋದೆ. ವನಜ ತಡೆಯಲಿಲ್ಲ. ತಡೆಯದೇ ಇದ್ದದ್ದರಿಂದ ನನಗೇ ಕೈ ಬರಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ, "ನಾನು ಮನೆಯಲ್ಲಿ ಇರುವುದು ನಿನಗೆ ಬೇಡವಾ?"

ಅವಳು ಲೋಟಗಳನ್ನು ಒಂದರೊಳಗೊಂದು ಇಟ್ಟಳು. "ನೀವು ಬೇಕು ಮಾರಾಯ್ರೆ. ಬೇಡ ಅಂತ ಯಾರು ಹೇಳಿದ್ದು?" ಎಂದಳು. "ಆದ್ರೆ ನಾನು ಇಲ್ಲಿಗೆ ಬಂದಾಗ ನಂಗೆ ಯಾರು ಇದ್ರು? ಭಾಷೆ ಬರ್ತಿರ್ಲಿಲ್ಲ, ಗಾಡಿ ಬರ್ತಿರ್ಲಿಲ್ಲ, ಮಗುವಿಗೆ ಜ್ವರ ಬಂದ್ರೆ ನೀವು ಸಲಾಲಾದಲ್ಲಿ. ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ನಾನು ಒಂದು ಬದುಕು ಮಾಡ್ಕೊಂಡೆ. ಈಗ ನೀವು ಬಂದ್ರಿ, ಸಂತೋಷವೇ. ಅದನ್ನೆಲ್ಲ ನಾನು ಈಗ ಎಲ್ಲಿ ಇಡ್ಲಿ, ನೀವೇ ಹೇಳಿ."

ಕೆಟ್ಟ ಸರಕು ಎದುರಿಗಿದ್ದರೆ ತಪ್ಪು ಯಾರದೆಂದು ನಿಮಿಷದಲ್ಲಿ ಹೇಳುವವನು ನಾನು, ಇಲ್ಲಿ ಸರಕು ಕೆಟ್ಟಿರಲೇ ಇಲ್ಲ. ಅವಳು ಒಂಟಿಯಾಗಿದ್ದಳು ಎಂಬುದು ನನಗೆ ಗೊತ್ತಿತ್ತು. ಅದನ್ನೇ ನನ್ನ ಅರ್ಜಿಗಳಲ್ಲಿ ಪ್ರತಿಸಲ ಬರೆದಿದ್ದೆ. ಅವಳು ಒಂಟಿಯಾಗಿ ಉಳಿದಿರಲಿಲ್ಲ ಎಂಬುದು ಗೊತ್ತಿರಲಿಲ್ಲ, ಅಷ್ಟೆ. ಮನಸ್ಸಿಗೆ ಬಹಳ ನೋವಾಯಿತು. ಜೊತೆಗೆ, ಯಾಕೋ, ಸ್ವಲ್ಪ ನಿರಾಳವೂ ಆಯಿತು.

ಮುಂದಿನ ಗುರುವಾರ, ಶುಕ್ರವಾರದ ರಜೆಯ ಮುನ್ನಾದಿನವಾದ್ದರಿಂದ ಆಫೀಸು ಅರ್ಧ ದಿನವಷ್ಟೇ, ಮಧ್ಯಾಹ್ನ ಊಟವಾದ ಮೇಲೆ ನಾನೇ ಎದ್ದು, ನಾಯಿಗಳನ್ನು ಹೊರಕ್ಕೆ ತಿರುಗಿಸಿ, ಗಾಡಿಯಲ್ಲಿ ಏನೋ ಸದ್ದು ಬರುತ್ತಿದೆ, ವಾದಿ ಅದಾಯ್‌ನ ಗ್ಯಾರೇಜಿಗೆ ತೋರಿಸಿ ಬರುತ್ತೇನೆ, ಸಂಜೆಯಾಗಬಹುದು ಎಂದು ಹೇಳಿ ಹೊರಬಿದ್ದೆ. ಗಾಡಿಯಲ್ಲಿ ಯಾವ ಸದ್ದೂ ಇರಲಿಲ್ಲ. ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ಒಂದು ಮಲಯಾಳಿಯ ಚಹಾದಂಗಡಿ, ಅದರ ಮುಂದೆ ನೆರಳಿಗೆ ಒಂದು ಬೆಂಚು. ಅದರ ಮೇಲೆ ಶ್ರೀಕಂಠಯ್ಯನವರು ಕುಳಿತಿದ್ದರು. ಅವರ ಪಕ್ಕದಲ್ಲಿ ಶೆಟ್ಟರು. ಶ್ರೀಕಂಠಯ್ಯನವರು ಟೂರಿನಲ್ಲಿದ್ದಾರೆ ಎಂದು ನಾನು ತಿಳಿದಿದ್ದೆ; ಬೆಳಿಗ್ಗೆ ರಾಜ ರಾಣಿ ಬೀದಿಗೆ ಮುಖ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ. ಅವರು ನನ್ನನ್ನು ನೋಡಿ ಕೆಮ್ಮಿ, ರೇಡಿಯೇಟರ್ ಸ್ವಲ್ಪ ಸೋರ್ತಾ ಇದೆ ಕಣ್ರೀ ಎಂದರು. ಶೆಟ್ಟರದು ಬ್ರೇಕು ಎಂದು ತಿಳಿಯಿತು. ಮೂರು ಗಾಡಿಗಳೂ ಎದುರಿಗೆ ಸಾಲಾಗಿ, ಬಾನೆಟ್ಟು ತೆರೆಯದೆ, ನಿಶ್ಚಿಂತೆಯಿಂದ ನಿಂತಿದ್ದವು. ಗ್ಯಾರೇಜಿನ ಪಠಾಣ ಬಂದು ಯಾವ ಗಾಡಿಗೆ ತೊಂದರೆ ಎಂದು ಕೇಳಿ, ಉತ್ತರ ಬಾರದ್ದನ್ನು ಕಂಡು, ಯಲ್ಲಾ ಎಂದು ತನ್ನ ಕೆಲಸಕ್ಕೆ ಹೋದ.

ಶ್ರೀಕಂಠಯ್ಯನವರು ಸರಿದು ಜಾಗ ಕೊಟ್ಟರು. ಚಹಾ ಬಂತು. ನನ್ನ ಜೇಬಿನಲ್ಲಿ ಕ್ಯಾಪ್ಟನ್ ಯೆನ್ಸನ್ ಕ್ರಿಸ್‌ಮಸ್‌ಗೆ ಕಳಿಸಿದ ಫೋಟೊ ಇತ್ತು, ಆಫೀಸಿನಲ್ಲಿ ತೋರಿಸಲೆಂದು ಇಟ್ಟುಕೊಂಡದ್ದು. ಮಾರ್ಸ್ಟಾಲಿನ ಬಂದರು ಕಟ್ಟೆಯ ಮೇಲೆ ಒಂದು ಬೆಂಚು, ಅದರಲ್ಲಿ ನಮ್ಮ ಕ್ಯಾಪ್ಟನ್, ಅವರ ಎರಡೂ ಕಡೆ ಉಣ್ಣೆ ಟೊಪ್ಪಿ ಹಾಕಿದ ಮುದುಕ ನಾವಿಕರು, ಎಲ್ಲರೂ ಊರಿಗೆ ಬೆನ್ನು ಹಾಕಿ ಕೊರೆಯುವ ಚಳಿಯಲ್ಲಿ ನೀರನ್ನು ನೋಡುತ್ತ ಕುಳಿತಿದ್ದಾರೆ. ದಿನಾ ಬೆಳಿಗ್ಗೆ ಬಂದು ಕೂರುತ್ತಾರಂತೆ. ಪಾಪ, ಸಮುದ್ರವನ್ನು ಮರೆಯಲಾಗುತ್ತಿಲ್ಲ ಅವರಿಗೆ ಎಂದು ನಾನು ವನಜಳಿಗೆ ಹೇಳಿದ್ದೆ. ಈಗ ಆ ಫೋಟೊವನ್ನು ಶೆಟ್ಟರ ಕೈಗೆ ಕೊಟ್ಟೆ. ಅವರು ಫೋಟೊ ನೋಡಿ, ನಾವು ಕುಳಿತ ಬೆಂಚನ್ನೊಮ್ಮೆ ನೋಡಿ, ಶ್ರೀಕಂಠಯ್ಯನವರಿಗೆ ದಾಟಿಸಿದರು.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದೆ. ವನಜಳ ಮುಖದಲ್ಲಿ ಇನ್ನೂ ನಗು ಆರಿರಲಿಲ್ಲ. ನನಗೆಂದು ಪತ್ರೊಡೆ ಎತ್ತಿಟ್ಟಿದ್ದಳು, ಬಿಸಿ ಮಾಡಿ ಬಡಿಸಿ ನನ್ನ ಎದುರಿಗೇ ಕುಳಿತಳು.

"ಗಾಡಿ ಸರಿಯಾಯ್ತಾ?" ಎಂದು ಕೇಳಿದಳು.

"ಪೂರ್ತಿ ಆಗಲಿಲ್ಲ. ಮುಂದಿನ ಗುರುವಾರ ಮತ್ತೆ ತೋರಿಸಬೇಕಂತೆ."

"ತೋರಿಸಿ, ತೋರಿಸಿ. ಅರ್ಧಂಬರ್ಧ ಮಾಡಿ ಬಿಡೋದು ಬೇಡ" ಎಂದು ಇನ್ನೊಂದು ತುಂಡು ಬಡಿಸಿದಳು. ಹಿಂದಿನ ವರ್ಷವಷ್ಟೇ ಕೊಂಡ ಗಾಡಿಗೆ ಏನಾಗಿದೆ ಎಂದು ಅವಳು ಕೇಳಲಿಲ್ಲ.